ಥ್ಯಾಕರೆ ಯಾವ ದೇಶದವನು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕಾಲೇಜು ಚರ್ಚಾಸ್ಪರ್ಧಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮ-ತಂಗಿಯರೇ,

ನೀವು ವೇದಿಕೆಯ ಮೇಲೆ ಮತ್ತೆ ಮತ್ತೆ ಆಡುತ್ತಿರುವ ಒಂದು ಮಾತಿನ ಸಲುವಾಗಿ ಈ ಪತ್ರ. ಉಕ್ರೇನ್ ಮೇಲೆ ರಷ್ಯಾ ದಂಡೆತ್ತಿದ ಮೇಲಂತೂ ಆ ಮಾತಿಗೆ ಹೊಸ ಬಲ ಬಂದಿದೆ. ಸ್ವತಂತ್ರ ದೇಶಗಳು ತಾವಾಗಿ ಯಾರ ಮೇಲೂ ಕೈ ಮಾಡುವುದಿಲ್ಲ, ಆಕ್ರಮಣ ಏನಿದ್ದರೂ ಸರ್ವಾಧಿಕಾರಿಗಳ ಕಸುಬು ಎನ್ನುವ ಮಾತು. ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ, ನಿರ್ಣಾಯಕರೂ ತಲೆದೂಗುತ್ತಾರೆ.

ಅದು ನೀವು ಕಟ್ಟಿದ ಮಾತಲ್ಲ, ದೊಡ್ಡವರಿಂದ ಬಂದದ್ದು. 1917ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ತಮ್ಮ ದೇಶವನ್ನು ಮಹಾಯುದ್ಧಕ್ಕೆ ಇಳಿಸುವಾಗ, ಇದು ನಿರಂಕುಶ ದೊರೆಗಳ ವಿರುದ್ಧ ಪ್ರಜಾಪ್ರಭುತ್ವದ ಹೋರಾಟ ಎಂದಿದ್ದರು. 2003ರಲ್ಲಿ ಜಾರ್ಜ್ ಬುಷ್ ಇರಾಕ್ ಯುದ್ಧವನ್ನು ಸಮರ್ಥಿಸಿಕೊಳ್ಳುತ್ತ, ಸ್ವತಂತ್ರ ರಾಷ್ಟ್ರಗಳು ಶಾಂತಿಪ್ರಿಯವಾಗಿರುತ್ತವೆ, ಒಂದರ ಮೇಲೊಂದು ಏರಿಹೋಗುವುದಿಲ್ಲ, ಸಾಮೂಹಿಕ ನಾಶದ ಅಸ್ತ್ರಗಳನ್ನು ತಯಾರಿಸುವುದಿಲ್ಲ ಎಂಬರ್ಥದ ಮಾತನ್ನು ಸಭೆಯಿಂದ ಸಭೆಗೆ ಹೇಳಿಕೊಂಡು ತಿರುಗಿದರು. ಅಣುಬಾಂಬನ್ನು ಮೊದಲು ತಯಾರಿಸಿದ್ದು, ಊರುಗಳ ಮೇಲೆ ಹಾಕಿದ್ದು ಅವರದೇ ದೇಶ. 1974ರಲ್ಲಿ, 1998ರಲ್ಲಿ ಪೋಖ್ರಾನ್‌ನಲ್ಲಿ ಅದನ್ನು ಸಿಡಿಸಿದ್ದು ನಾವು. ನಾವೂ ಸ್ವತಂತ್ರ ರಾಷ್ಟ್ರವೇ.

ಬೇರೆ ಕಡೆಯ ಹುಡುಗರು ಈ ಮಾತು ಆಡಿದ್ದರೆ ಬಹುಶಃ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ಚನ್ನಮ್ಮನ ಸಮಾಧಿ ಇರುವ ಬೈಲಹೊಂಗಲದಲ್ಲಿ, ಮುರಿದ ಅರಮನೆ ಇನ್ನೂ ಕಣ್ಣೆದುರಿಗೆ ಇರುವ ಕಿತ್ತೂರಿನಲ್ಲಿ ನಿಂತು ಹೀಗೆ ಹೇಳುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಥ್ಯಾಕರೆ ಯಾವ ದೇಶದವನು?

ಸರ್ವಾಧಿಕಾರಿಯ ದೇಶದವನಲ್ಲ. ರಾಜನೇ ಕಾಯ್ದೆಗೆ ತಲೆಬಾಗಬೇಕಾದ, ಪಾರ್ಲಿಮೆಂಟ್ ಇದ್ದ, ಪತ್ರಿಕೆಗಳು ಮಂತ್ರಿಗಳನ್ನು ಹೆಸರು ಹಿಡಿದು ಬೈಯುತ್ತಿದ್ದ ದೇಶದವನು. ಗುಲಾಮರ ವ್ಯಾಪಾರವನ್ನು 1807ರಲ್ಲೇ ಕಾಯ್ದೆ ಮಾಡಿ ನಿಲ್ಲಿಸಿದ್ದ ದೇಶ ಅದು. ಅಂದಿನ ಯುರೋಪಿನಲ್ಲಿ ಸ್ವಾತಂತ್ರ್ಯದ ಮಾತು ಬಂದರೆ ಜನ ಬೆರಳು ಮಾಡಿ ತೋರಿಸುತ್ತಿದ್ದದ್ದು ಇಂಗ್ಲೆಂಡನ್ನು. ಎಲ್ಲರಿಗೂ ಮತ ಇರಲಿಲ್ಲ ನಿಜ, ಆದರೆ ಆ ಕಾಲದ ಅಳತೆಯಲ್ಲಿ ಅದಕ್ಕಿಂತ ಮುಕ್ತವಾದ ದೊಡ್ಡ ದೇಶ ಯುರೋಪಿನಲ್ಲಿ ಇರಲಿಲ್ಲ. ಅಂಥ ದೇಶದ ಹೆಸರಿನಲ್ಲಿ ಆಳುತ್ತಿದ್ದ ಕಂಪನಿಯ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರಲ್ಲಿ ತೋಪುಗಳನ್ನು ಎಳೆಸಿಕೊಂಡು ಕಿತ್ತೂರಿಗೆ ಬಂದ.

ಯಾಕೆ ಬಂದ ಎನ್ನುವುದನ್ನು ನಿಧಾನವಾಗಿ ನೋಡಬೇಕು. ನಾಟಕದಲ್ಲಿ, ಸಿನಿಮಾದಲ್ಲಿ ನಾವು ಕಪ್ಪ ಕೊಡದ ಸಿಟ್ಟನ್ನಷ್ಟೇ ಕೇಳಿ ಬೆಳೆದಿದ್ದೇವೆ. 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿ ಹೋರಾಡಿದಾಗ ಕಿತ್ತೂರು ಕಂಪನಿಯ ಪರವಾಗಿ ನಿಂತಿತ್ತು. ಅದಕ್ಕೆ ಪ್ರತಿಯಾಗಿ ಸಂಸ್ಥಾನವನ್ನು ದೇಸಾಯಿ ಮನೆತನಕ್ಕೇ ಬಿಟ್ಟುಕೊಡುವ ಒಪ್ಪಂದವೂ ಆಗಿತ್ತು. ಅಂದರೆ ವೈರಿ ಸಂಸ್ಥಾನವಲ್ಲ, ನಂಬಿದ ಸಂಸ್ಥಾನ. 1824ರ ಸೆಪ್ಟೆಂಬರ್‌ನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದ. ಥ್ಯಾಕರೆ ದತ್ತಕದ ಮೇಲೆ ಸಂಶಯ ತೆಗೆದ, ಕಂಪನಿಯ ಅಪ್ಪಣೆ ಇಲ್ಲದ ದತ್ತಕ ದತ್ತಕವೇ ಅಲ್ಲ ಎಂದ, ಖಜಾನೆಗೆ ಮೊಹರು ಹಾಕಿಸಿದ, ಕಾರಭಾರ ನೋಡಲು ತನ್ನವರನ್ನು ನೇಮಿಸಿದ.

ಆ ಮೊಹರನ್ನು ಸ್ವಲ್ಪ ಹತ್ತಿರದಿಂದ ನೋಡಿರಿ. ಮನೆಯಲ್ಲಿ ಸೂತಕ ಇದೆ. ಹಿರಿಯ ಹೆಣ್ಣುಮಗಳೊಬ್ಬಳು ಮನೆತನವನ್ನು ಹಿಡಿದು ನಿಂತಿದ್ದಾಳೆ. ಹೊರಗಿನಿಂದ ಬಂದ ಅಧಿಕಾರಿ ಅರಗು ಕಾಯಿಸಿ ಬೀಗದ ಮೇಲೆ ಗುರುತು ಒತ್ತುತ್ತಾನೆ. ಇನ್ನೂ ಒಂದು ಗುಂಡು ಹಾರಿಲ್ಲ, ಆದರೆ ಆಕ್ರಮಣ ಆಗಿಹೋಗಿದೆ. ನಿಮ್ಮ ಚರ್ಚೆಗಳಲ್ಲಿ ಆಕ್ರಮಣ ಅಂದರೆ ಗಡಿ ದಾಟುವ ಟ್ಯಾಂಕು, ಬಾಂಬು ಹಾಕುವ ವಿಮಾನ. ಮುಕ್ತ ದೇಶಗಳ ಆಕ್ರಮಣ ಬಹಳ ಸಲ ಕಾಗದ ಹಿಡಿದುಕೊಂಡು ಬರುತ್ತದೆ, ಕಲಮು ಉಲ್ಲೇಖಿಸಿ ಮಾತಾಡುತ್ತದೆ, ತೋಪು ಅದರ ಹಿಂದಿನಿಂದ ಬರುತ್ತದೆ. ಕಾಯ್ದೆಯ ಭಾಷೆಯಲ್ಲಿ ಬಂದದ್ದರಿಂದಲೇ ಅದನ್ನು ಆಕ್ರಮಣ ಎಂದು ಕರೆಯಲು ಆ ದೇಶದ ಒಳ್ಳೆಯ ಜನರಿಗೂ ಮನಸ್ಸಾಗುವುದಿಲ್ಲ.

ಮುಂದಿನದು ನಿಮಗೆ ಗೊತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಡೆಯುತ್ತೇನೆಂದು ಥ್ಯಾಕರೆ ಬೆದರಿಸಿದ. ಬಾಗಿಲು ಒಳಗಿನಿಂದಲೇ ತೆರೆಯಿತು, ಕಿತ್ತೂರಿನ ಜನ ನುಗ್ಗಿ ಬಂದರು. ಥ್ಯಾಕರೆ ಸತ್ತ. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಸಂಸ್ಥಾನದವರು ಅವರಿಗೆ ಕೇಡು ಮಾಡಲಿಲ್ಲ, ಜೀವಸಹಿತ ಬಿಟ್ಟುಕೊಟ್ಟರು. (ಆ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ. ನಮ್ಮ ಚಾಲುಕ್ಯರ ಚರಿತ್ರೆ ಬರೆದವರೆಲ್ಲ ಅವನ ಋಣದಲ್ಲಿದ್ದಾರೆ. ಕಿತ್ತೂರಿನವರು ಅವನನ್ನು ಕೊಂದಿದ್ದರೆ ಏನಾಗುತ್ತಿತ್ತೋ.) ಸೆರೆಯಾಳುಗಳು ಕೈಸೇರಿದ ಮೇಲೂ ಕಂಪನಿಯ ದಂಡು ಹಿಂದೆ ಸರಿಯಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಈಗ ಲಂಡನ್ನಿನ ಕಡೆ ನೋಡೋಣ. ಕಿತ್ತೂರಿನ ಮೇಲೆ ದಂಡು ಹೋಗಬೇಕೋ ಬೇಡವೋ ಎಂದು ಪಾರ್ಲಿಮೆಂಟಿನಲ್ಲಿ ಯಾರೂ ಮೊದಲು ಮತ ಹಾಕಲಿಲ್ಲ. ಸುದ್ದಿ ಹಡಗು ಹತ್ತಿ ಲಂಡನ್ ಮುಟ್ಟುವುದಕ್ಕೇ ತಿಂಗಳುಗಟ್ಟಲೆ ಬೇಕಿತ್ತು. ಕೆಡುಕರೇ ತುಂಬಿದ್ದ ಸರ್ಕಾರ ಎಂದೂ ಹೇಳುವ ಹಾಗಿಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಭಾರತೀಯರನ್ನು ನಂಬಿ ದೊಡ್ಡ ಹುದ್ದೆಗಳನ್ನು ಕೊಡಬೇಕು, ಒಂದು ದಿನ ಅವರು ತಮ್ಮನ್ನು ತಾವೇ ಆಳಿಕೊಳ್ಳುವಂತೆ ಬೆಳೆಸಬೇಕು ಎಂದು ವಾದಿಸಿದ ಪ್ರಸಿದ್ಧ ಟಿಪ್ಪಣಿಗೆ ಸಹಿ ಹಾಕಿದ್ದು 1824ರ ಡಿಸೆಂಬರ್ 31ರಂದು. ಕಿತ್ತೂರು ಬಿದ್ದು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಆ ಟಿಪ್ಪಣಿಯ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಸಜ್ಜನರು, ಕಾಯ್ದೆ, ಪತ್ರಿಕೆ, ಪಾರ್ಲಿಮೆಂಟ್ ಎಲ್ಲವೂ ಇದ್ದವು. ಕಿತ್ತೂರು ಉಳಿಯಲಿಲ್ಲ.

ನನ್ನ ವಾದ ಇಷ್ಟೇ. ದೇಶವೊಂದು ತನ್ನೊಳಗೆ ಎಷ್ಟು ಮುಕ್ತವಾಗಿದೆ ಎನ್ನುವುದರಿಂದ ಅದು ಹೊರಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಲು ಬರುವುದಿಲ್ಲ. ತೋಪು ಯಾರ ಕಡೆ ತಿರುಗಿದೆಯೋ ಅವರ ಮಾತಿಗೆ ಅಲ್ಲಿ ಬೆಲೆ ಇತ್ತೇ? ತೋಪಿಗೆ ದುಡ್ಡು ಕೊಟ್ಟವರಿಗೆ ಅದು ಹಾರುವ ಮೊದಲೇ ಗೊತ್ತಿತ್ತೇ? ಈ ಎರಡನ್ನು ಕೇಳದೆ ಸ್ವತಂತ್ರ ದೇಶ, ಸರ್ವಾಧಿಕಾರಿ ದೇಶ ಎಂದು ಹಣೆಪಟ್ಟಿ ಹಚ್ಚಿದರೆ ನಾವು ಥ್ಯಾಕರೆಗೆ ಖುಲಾಸೆ ಕೊಟ್ಟಂತೆ.

ಪ್ರಜೆಗಳ ಒಪ್ಪಿಗೆಯಿಂದ ನಡೆಯುವ ದೇಶಗಳು ಯುದ್ಧಕ್ಕೆ ಹಿಂಜರಿಯುತ್ತವೆ ಎಂಬ ವಾದವನ್ನು ಮೊದಲು ಗಟ್ಟಿಯಾಗಿ ಮುಂದಿಟ್ಟವನು ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್, 1795ರಲ್ಲಿ, ಶಾಶ್ವತ ಶಾಂತಿಯನ್ನು ಕುರಿತ ತನ್ನ ಪ್ರಬಂಧದಲ್ಲಿ. ಯುದ್ಧದ ಸಾವು, ತೆರಿಗೆ, ಸಾಲ ಎಲ್ಲ ಹೊರಬೇಕಾದವರೇ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸುವುದಾದರೆ ಅವರು ಹತ್ತು ಸಲ ಯೋಚಿಸುತ್ತಾರೆ ಎನ್ನುವುದು ಅವನ ತರ್ಕ. ಒಳ್ಳೆಯ ತರ್ಕ, ನಾನೂ ಒಪ್ಪುತ್ತೇನೆ. ಆದರೆ ಅವನ ಹೆಸರು ಹೇಳುವವರು ಅದೇ ಪ್ರಬಂಧದ ಇನ್ನೊಂದು ಭಾಗವನ್ನು ಬಿಟ್ಟುಬಿಡುತ್ತಾರೆ. ಯುರೋಪಿನ ವ್ಯಾಪಾರಿ ದೇಶಗಳು ಪರದೇಶಕ್ಕೆ ಹೋಗುವುದೆಂದರೆ ಅದನ್ನು ಗೆಲ್ಲುವುದು ಎಂದೇ ತಿಳಿದಿವೆ, ಹಿಂದೂಸ್ತಾನದಲ್ಲಿ ಮಳಿಗೆ ಹಾಕುವ ನೆಪದಲ್ಲಿ ಸೈನ್ಯ ತಂದಿಟ್ಟಿವೆ ಎಂದು ಅವನು ಅಲ್ಲಿ ನೇರವಾಗಿ ಖಂಡಿಸಿದ್ದಾನೆ. ಕಿತ್ತೂರಿನ ಖಜಾನೆಗೆ ಮೊಹರು ಬೀಳುವುದಕ್ಕೆ 29 ವರ್ಷ ಮೊದಲು ಬರೆದದ್ದು ಅದು. ಅದೇ 1795ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆ ಮುಗಿಸಿತು. ಭಾರತದಲ್ಲಿ ಮಾಡಿದ ಅನ್ಯಾಯಗಳಿಗಾಗಿ ಎಡ್ಮಂಡ್ ಬರ್ಕ್ ಅವನನ್ನು ಕಟಕಟೆಗೆ ತಂದಿದ್ದ. ಏಳು ವರ್ಷ ಕಳೆದ ಮೇಲೆ ಹೇಸ್ಟಿಂಗ್ಸ್ ನಿರ್ದೋಷಿ ಎಂದು ತೀರ್ಪಾಯಿತು. ಮುಕ್ತ ದೇಶ ತನ್ನ ಅಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಬಲ್ಲದು, ಅದು ಸಣ್ಣ ಮಾತಲ್ಲ. ಕೊನೆಗೆ ಬಿಟ್ಟೂ ಕಳಿಸುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. 1832ರ ಸುಧಾರಣಾ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಮತದಾನದ ಹಕ್ಕು ಹೆಚ್ಚು ಜನರಿಗೆ ಹೋಯಿತು. ಅಲ್ಲಿ ಸ್ವಾತಂತ್ರ್ಯ ಬೆಳೆದ ಹಾಗೆ ಇಲ್ಲಿ ಹಿಡಿತ ಸಡಿಲಾಗಬೇಕಿತ್ತಲ್ಲ? ಆದದ್ದು ತಿರುಗುಮುರುಗು. ಕಿತ್ತೂರಿನಲ್ಲಿ ಒಬ್ಬ ಕಲೆಕ್ಟರ್ ಮಾಡಿದ್ದನ್ನು ಗವರ್ನರ್ ಜನರಲ್ ಡಾಲ್‌ಹೌಸಿ ಒಂದು ನೀತಿಯಾಗಿಯೇ ಜಾರಿಗೆ ತಂದ. 1848ರಲ್ಲಿ ಸಾತಾರಾ, ಆಮೇಲೆ ಝಾನ್ಸಿ, ನಾಗಪುರ. ನರಗುಂದದ ಬಾಬಾಸಾಹೇಬರಿಗೂ ದತ್ತಕದ ಅನುಮತಿ ಸಿಗಲಿಲ್ಲ, ಮೇಲೆ ಆಯುಧಗಳನ್ನೂ ಒಪ್ಪಿಸಿರೆಂದರು. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದ ಕಡೆ ಹೊರಟವನು ರಾತ್ರಿ ಸುರೇಬಾನದಲ್ಲಿ ತಂಗಿದ್ದ, ಅಲ್ಲಿಯೇ ಕೊಲೆಯಾದ. ಕೆಲವೇ ದಿನಗಳಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸುರೇಬಾನ ರಾಮದುರ್ಗ ತಾಲೂಕಿನ ಊರು. ಆ ಕಡೆಯಿಂದ ಕಾಲೇಜಿಗೆ ಬರುವವರು ನಿಮ್ಮಲ್ಲೇ ಇರುತ್ತೀರಿ.

ಇಷ್ಟು ಓದಿ ನಿಮ್ಮಲ್ಲಿ ಕೆಲವರು, ಹಾಗಾದರೆ ಪ್ರಜಾಪ್ರಭುತ್ವವೂ ಒಂದೇ ಸರ್ವಾಧಿಕಾರವೂ ಒಂದೇ ಎಂದು ವಾದ ಹೂಡಲು ಸಿದ್ಧರಾಗಬಹುದು. ಅದನ್ನು ನಾನು ಇನ್ನೂ ಗಟ್ಟಿಯಾಗಿ ವಿರೋಧಿಸುತ್ತೇನೆ. ಹಿಟ್ಲರ್ 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ಬಿದ್ದಾಗ, ಸದ್ದಾಂ ಹುಸೇನ್ 1990ರ ಆಗಸ್ಟ್‌ನಲ್ಲಿ ಕುವೈತನ್ನು ನುಂಗಿದಾಗ ಅವರನ್ನು ತಡೆದು ಕೇಳುವವರು ಅವರ ದೇಶದಲ್ಲಿ ಉಳಿದಿರಲಿಲ್ಲ. ರಷ್ಯಾದಲ್ಲಿ 2022ರ ಮಾರ್ಚ್‌ನಲ್ಲಿ ಹೊಸ ಕಾಯ್ದೆಯೇ ಬಂತು. ಉಕ್ರೇನಿನಲ್ಲಿ ನಡೆಯುತ್ತಿರುವುದನ್ನು ಯುದ್ಧ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಜನ ದಂಡ ಕಟ್ಟಿದರು, ಜೈಲಿಗೆ ಹೋದರು. ಇದೇ ವ್ಯತ್ಯಾಸ, ಇದು ಬಹಳ ದೊಡ್ಡ ವ್ಯತ್ಯಾಸ. ಮುಕ್ತ ದೇಶದಲ್ಲಿ ಬರ್ಕ್ ಇರಬಹುದು, ಕೇಳುವವರು ಇರಬಹುದು. ಆದರೆ ಸರ್ವಾಧಿಕಾರಿಗಳೆಲ್ಲ ನೆರೆಯವರ ಮೇಲೆ ಬೀಳುತ್ತಾರೆ ಎನ್ನುವುದೂ ಸುಳ್ಳು. ಬರ್ಮಾದ ಸೇನಾಡಳಿತ ದಶಕಗಟ್ಟಲೆ ತನ್ನ ಜನರನ್ನೇ ತುಳಿಯಿತು, ನೆರೆಯ ದೇಶದ ಮೇಲೆ ದಂಡೆತ್ತಿ ಹೋಗಲಿಲ್ಲ. ಕಾರ್ಗಿಲ್‌ನಲ್ಲಿ ಪಾಕಿಸ್ತಾನದ ಸೈನ್ಯ ನುಸುಳಿದ್ದು 1999ರಲ್ಲಿ, ಆಗ ಅಲ್ಲಿ ಇದ್ದದ್ದು ಚುನಾಯಿತ ಸರ್ಕಾರ.

1939ಕ್ಕೆ ಬಂದರೆ ನಿಮ್ಮ ನಾಡಿನ ಚರಿತ್ರೆಯಲ್ಲಿ ಇನ್ನೂ ಕಠಿಣವಾದ ಒಂದು ಪಾಠ ಸಿಗುತ್ತದೆ. ಅದನ್ನು ನಾವು ಕಿತ್ತೂರಿನಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ರಾಮದುರ್ಗ ಆಗ ಸಂಸ್ಥಾನ. ರಾಜ ಇದ್ದ, ಅವನ ಬೆನ್ನಿಗೆ ಬ್ರಿಟಿಷ್ ಸರ್ಕಾರ ಇತ್ತು. ಪ್ರಜಾ ಸಂಘದವರು ಕರಭಾರ ಇಳಿಸಿರಿ, ಜವಾಬ್ದಾರಿ ಸರ್ಕಾರ ಕೊಡಿರಿ ಎಂದು ಚಳವಳಿ ಹೂಡಿದ್ದರು. ಏಪ್ರಿಲ್‌ನಲ್ಲಿ ಮುಖಂಡರನ್ನು ಹಿಡಿದು ಒಳಗೆ ಹಾಕಿದರು. ಸುದ್ದಿ ಹಬ್ಬಿ ಹಳ್ಳಿಗಳಿಂದ ಜನ ಹರಿದುಬಂದರು, ಜೈಲಿನ ಮೇಲೆ ಬಿದ್ದರು, ಪೊಲೀಸರನ್ನು ಕೊಂದರು. ಆಮೇಲೆ ಮೊಕದ್ದಮೆಗಳು, ಮರಣದಂಡನೆಗಳು. ಗಾಂಧೀಜಿ ಆ ಹಿಂಸೆಯನ್ನು ಒಪ್ಪಲಿಲ್ಲ, ನನಗೂ ಒಪ್ಪಲು ಆಗುವುದಿಲ್ಲ. ಸತ್ತ ಪೊಲೀಸರೂ ಇದೇ ಸೀಮೆಯ ಬಡವರ ಮಕ್ಕಳು. ಸ್ವಾತಂತ್ರ್ಯ ಕೇಳಿದವರ ಕೈಯೂ ರಕ್ತವಾಯಿತು. ಆ ಕೈಗಳು ನಮ್ಮವೇ ಎಂಬ ಕಾರಣಕ್ಕೆ ಅದನ್ನು ಮುಚ್ಚಿಟ್ಟರೆ ನಾವು ಬೇರೆಯವರ ಆಕ್ರಮಣದ ಬಗ್ಗೆ ಮಾತಾಡುವ ಹಕ್ಕು ಕಳೆದುಕೊಳ್ಳುತ್ತೇವೆ.

ಐದು ತಿಂಗಳು ಕಳೆಯಿತು. ಸೆಪ್ಟೆಂಬರ್ 3ರಂದು ಬ್ರಿಟನ್ ಹಿಟ್ಲರನ ಮೇಲೆ ಯುದ್ಧ ಸಾರಿತು. ಸ್ವತಂತ್ರ ಜಗತ್ತು ಒಂದು ಕಡೆ, ಸರ್ವಾಧಿಕಾರ ಇನ್ನೊಂದು ಕಡೆ. ಈ ಸಲ ಆ ವರ್ಣನೆ ನಿಜವೂ ಆಗಿತ್ತು, ಹಿಟ್ಲರ್ ಸೋಲಲೇಬೇಕಿತ್ತು. ಅದೇ ದಿನ ವೈಸರಾಯ್ ಲಿನ್‌ಲಿತ್‌ಗೊ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ಚುನಾಯಿತ ಭಾರತೀಯರನ್ನು ಯಾರನ್ನೂ ಕೇಳಲಿಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ಕಾಂಗ್ರೆಸ್ಸಿನ ಚುನಾಯಿತ ಮಂತ್ರಿಮಂಡಲ ಇತ್ತು. ಈ ಅವಮಾನ ತಾಳದೆ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಬೈಲಹೊಂಗಲದ ಮತದಾರನ ಸರ್ಕಾರವನ್ನು ಕೇಳಲಿಲ್ಲ. ರಾಮದುರ್ಗದವನಿಗಂತೂ ಜವಾಬ್ದಾರಿ ಸರ್ಕಾರವೇ ಇರಲಿಲ್ಲ. ಆದರೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧದಲ್ಲಿ ಸೈನಿಕರಾದರು. ಬೆಳಗಾವಿಯಲ್ಲಿ ನೆಲೆ ಇರುವ ಮರಾಠಾ ಲಘು ಪದಾತಿ ದಳದವರು ಇಟಲಿಯ ಬೆಟ್ಟಗಳಲ್ಲಿ ನಾಜಿಗಳ ವಿರುದ್ಧ ಹೋರಾಡಿ ಸತ್ತರು. ಇಟಲಿಯ ಜನರ ಬಿಡುಗಡೆಗೆ ರಕ್ತ ಕೊಟ್ಟವರಿಗೆ ತಮ್ಮ ಊರಿನಲ್ಲಿ ಬಿಡುಗಡೆ ಇರಲಿಲ್ಲ. ಯುದ್ಧ ನ್ಯಾಯದ್ದೇ ಆಗಿರಬಹುದು. ಆದರೆ ಯಾರನ್ನು ಕೇಳಿ ಎಂಬ ಪ್ರಶ್ನೆ ಆಗಲೂ ಬಿಡುವುದಿಲ್ಲ.

ಗೋವೆಯ ಪ್ರಸಂಗವನ್ನೂ ನೆನಪಿಡಿರಿ. ಪೋರ್ಚುಗಲ್‌ನಲ್ಲಿ ಸಲಜಾರ್‌ನ ಸರ್ವಾಧಿಕಾರ. ಆದರೂ 1949ರಲ್ಲಿ ಸ್ವತಂತ್ರ ಜಗತ್ತಿನ ಕೂಟವೆಂದು ನೇಟೋ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಪೋರ್ಚುಗಲ್ ಒಂದು. 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳು ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿ ಹಲವರನ್ನು ಕೊಂದರು. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಡೆಯಿಂದ ನಮ್ಮ ಸೈನ್ಯ ಗೋವೆಯೊಳಗೆ ಹೋಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಭಾರತದ ವಿರುದ್ಧ ನಿಂತವು. ಭಾರತವನ್ನು ಉಳಿಸಿದ್ದು ಸೋವಿಯತ್ ರಷ್ಯಾದ ವೀಟೊ. ಚುನಾಯಿತ ಸರ್ಕಾರದ ದೇಶವೊಂದು ಸರ್ವಾಧಿಕಾರಿಯ ವಸಾಹತಿನ ಮೇಲೆ ಸೈನ್ಯ ಕಳಿಸಿದೆ, ಮುಕ್ತ ದೇಶಗಳು ಸರ್ವಾಧಿಕಾರಿಯ ಪರ ವಾದಿಸುತ್ತಿವೆ, ಇನ್ನೊಂದು ಸರ್ವಾಧಿಕಾರ ನಮ್ಮ ಬೆನ್ನಿಗಿದೆ. ನಿಮ್ಮ ಆ ಒಂದು ವಾಕ್ಯದಲ್ಲಿ ಇದನ್ನೆಲ್ಲ ಎಲ್ಲಿ ಇಡುತ್ತೀರಿ? ಗೋವೆಯ ಬಿಡುಗಡೆ ಸರಿಯಾದ ಕೆಲಸ ಎಂದೇ ನಾನು ನಂಬಿದ್ದೇನೆ. ಆದರೆ ಅದಕ್ಕೆ ಕಾರಣವನ್ನು ಗೋವೆಯ ಜನರ ಬದುಕಿನಲ್ಲಿ ಹುಡುಕಬೇಕು, ನಮ್ಮ ದೇಶದ ಹಣೆಪಟ್ಟಿಯಲ್ಲಲ್ಲ.

ಇರಾಕ್ ಯುದ್ಧವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1824ರಲ್ಲಿ ಇಲ್ಲದಿದ್ದದ್ದೆಲ್ಲ 2003ರಲ್ಲಿ ಇತ್ತು. ಎಲ್ಲರಿಗೂ ಮತ, ಟಿವಿ, ಫೆಬ್ರವರಿ 15ರಂದು ಲಂಡನ್ ಬೀದಿಗಳಲ್ಲಿ ಯುದ್ಧ ಬೇಡವೆಂದ ಜನಸಾಗರ, ಮಾರ್ಚ್ 18ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದಿನವಿಡೀ ಚರ್ಚೆ, ಮತದಾನ. 412 ಮಂದಿ ಯುದ್ಧದ ಪರ, 149 ಮಂದಿ ವಿರುದ್ಧ. ಇದೆ ಎಂದಿದ್ದ ಅಸ್ತ್ರಗಳು ಸಿಗಲಿಲ್ಲ. ತಪ್ಪುಗಳನ್ನು ಬಿಡಿಸಿಟ್ಟ ಚಿಲ್ಕಾಟ್ ವರದಿ 2016ರಲ್ಲಿ ಬಂತು. ಸತ್ತವರು ಹಿಂತಿರುಗಿ ಬರಲಿಲ್ಲ. ಆದರೂ ವರದಿ ಬಂತು, ಅದಕ್ಕೆ ಬೆಲೆ ಇದೆ. ನಮ್ಮಲ್ಲಿ 1962ರ ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಇಂದಿಗೂ ಸರ್ಕಾರ ಅಧಿಕೃತವಾಗಿ ಪ್ರಕಟಿಸಿಲ್ಲ. ನಾವು ಸ್ವತಂತ್ರರು ಎಂದು ಎದೆ ತಟ್ಟುವ ಮುಂಚೆ ಇದನ್ನೂ ಕೇಳುವ ಧೈರ್ಯ ನಿಮಗೆ ಬರಲಿ. ಆ ಧೈರ್ಯಕ್ಕೆ ನಮ್ಮ ದೇಶದಲ್ಲಿ ಜಾಗ ಇದೆ, ಆ ಜಾಗವನ್ನು ಬಳಸದೆ ಬಿಟ್ಟರೆ ಅದು ಕಿರಿದಾಗುತ್ತ ಹೋಗುತ್ತದೆ.

ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಶುರುವಾಗುತ್ತದೆ. ಆ ಹೊತ್ತಿಗೆ ನಾಲ್ಕೂ ತಾಲೂಕಿನ ಕಾಲೇಜುಗಳು ಕೂಡಿ ಒಂದು ಚರ್ಚೆ ಇಟ್ಟುಕೊಳ್ಳಲಿ ಎಂದು ನನ್ನ ಕೇಳಿಕೆ. ವಿಷಯ ಹೀಗಿರಲಿ: 1824ರಲ್ಲಿ ಬ್ರಿಟನ್ ಸ್ವತಂತ್ರ ದೇಶವಾಗಿದ್ದದ್ದರಿಂದ ಕಿತ್ತೂರಿಗೆ ಏನಾದರೂ ಉಪಯೋಗ ಆಯಿತೇ? ಪಾಳಿಗಳನ್ನು ಚೀಟಿ ಎತ್ತಿ ಹಂಚಬೇಡಿರಿ. ಕಿತ್ತೂರಿನವರು ಥ್ಯಾಕರೆಯ ಪರವಾಗಿ ವಾದ ಕಟ್ಟಲಿ. ಕಿತ್ತೂರೂ ಮತ ಹಾಕಿ ಆರಿಸಿದ ಸರ್ಕಾರವಲ್ಲ, ಅದೂ ದೇಸಾಯಿಗಳ ಆಳ್ವಿಕೆಯೇ ಎಂಬಲ್ಲಿಂದ ಅವರು ಶುರು ಮಾಡಬಹುದು, ಅದಕ್ಕೆ ಉತ್ತರ ಸುಲಭವಿಲ್ಲ. ಬೈಲಹೊಂಗಲದವರು ದತ್ತಕದ ಕಾಗದಗಳ ಜಗಳವನ್ನು ಹಿಡಿಯಲಿ. ಸವದತ್ತಿಯವರು ಗೋವೆಯ ಪ್ರಸಂಗದಲ್ಲಿ ಅಮೆರಿಕದ ಪ್ರತಿನಿಧಿಯ ಜಾಗದಲ್ಲಿ ನಿಂತು ಭಾರತವನ್ನು ಪ್ರಶ್ನಿಸಲಿ. ರಾಮದುರ್ಗದ ತಮ್ಮ-ತಂಗಿಯರು 1939ರ ಏಪ್ರಿಲ್‌ನಲ್ಲಿ ಜೈಲಿನ ಬಾಗಿಲಲ್ಲಿ ಸತ್ತ ಪೊಲೀಸರ ಮನೆಯವರ ಪರವಾಗಿ ಮಾತಾಡಲಿ. ಕರೆದರೆ ನಾನು ಕೇಳಲು ಬರುತ್ತೇನೆ, ಬೇಕಾದ ಪುಸ್ತಕಗಳನ್ನೂ ಹೊತ್ತು ತರುತ್ತೇನೆ.

ನಿಮ್ಮ ಸೀಮೆಯವನೇ ಆದ
ಒಬ್ಬ ಹಿರಿಯ